ಭಯಕ್ಕೂ ಚಿಕಿತ್ಸೆ ಬೇಕು


2000ದ ಮಾರ್ಚ್ 11. ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಮನೆಯೊಳಗೇ ಕೂಡಿಹಾಕಿ ಸುಟ್ಟರು. ಸಾಕ್ಷಿಗಳು ಪ್ರತಿಕೂಲ ನುಡಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ‘ಸಾಕ್ಷಿಗಳು ಮಾರ್ಕೊಂಡ್ರು’ ಅಂತ ನಮ್ಮೋರೇ ಕೆಲವರು ಸಲೀಸಾಗಿ ಆಡ್ಕೋತಾರೆ.

ಅಲ್ರೀ, ಅಂಥ ಬೆಂಕಿ ಕಂಡೋರಿಗೆ ಒಲೆ ಹಚ್ಚೋಕೂ ಕೈ ನಡುಗಬಹುದು. ರಾತ್ರಿ ಬೈಕ್ ಸದ್ದಿಗೆ ಎದ್ದು ಕೂರ್ತಾರೆ, ಬೆಳಗ್ಗೆ ಕೂಲಿ ತಪ್ಪುತ್ತೆ. ಡಾಕ್ಟರು ಇದನ್ನ ಪಿಟಿಎಸ್‌ಡಿ ಅಂತಾರೆ. ಅಂಥವರನ್ನ ವರ್ಷಗಟ್ಟಲೆ ಕಾಯಿಸಿ, ಆರೋಪಿಗಳ ಮುಂದೆ ನಿಲ್ಲಿಸಿ ‘ಎಲ್ಲಾ ನೆನಪು ಮಾಡ್ಕೊಂಡು ಹೇಳು’ ಅಂದ್ರೆ?

ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಮಿನಲ್ಲಿ ಪುನರ್ವಸತಿಯ ಹಕ್ಕಿದೆ. ಕಚೇರಿಗಳಲ್ಲಿ ಅದರ ಅರ್ಥ: ಪರಿಹಾರ ಖಾತೆಗೆ ಬಿತ್ತು, ಫೈಲ್ ಕ್ಲೋಸ್. (ಗುಮಾಸ್ತರಿಗೆ ಇದು ಚೆನ್ನಾಗಿ ಗೊತ್ತು.)

ಜಿಲ್ಲಾಧಿಕಾರಿಗಳ ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಮುಂದಿನ ಸಭೆಯಲ್ಲಿ ಕೇಳಿ: ಮಾನಸಿಕ ವೈದ್ಯರು ಸಂತ್ರಸ್ತರ ಕೇರಿಗೆ ಯಾವಾಗ ಬರ್ತಾರೆ?