ಘನತೆ ಕೊಟ್ಟವರು ಯಾರು?

ಸ್ಪೇನಿನ ದೊರೆ ನಾಲ್ಕನೆಯ ಫಿಲಿಪ್‌ನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್ ಬಗ್ಗೆ ಬರೆಯುವವರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ: ಆತ ದೊರೆಯನ್ನೂ ಗುಲಾಮನನ್ನೂ ಒಂದೇ ಕಣ್ಣಿನಿಂದ ಕಂಡ, ತನ್ನ ಕುಂಚದಿಂದ ಗುಲಾಮನಿಗೆ ಘನತೆ ಕೊಟ್ಟ. ಕೇಳಲು ಹಿತವಾದ ಮಾತು. ಆದರೆ ಆ 'ಕೊಟ್ಟ' ಎಂಬ ಪದದ ಬಗ್ಗೆ ನನ್ನ ತಕರಾರಿದೆ.

ಆ ಗುಲಾಮನ ಹೆಸರು ಹ್ವಾನ್ ದೆ ಪರೇಹಾ. ಆತನ ಒಡೆಯ ಬೇರೆ ಯಾರೂ ಅಲ್ಲ, ಸ್ವತಃ ವೆಲಾಸ್ಕೆಸ್. 1650ರಲ್ಲಿ ಇಬ್ಬರೂ ರೋಮಿನಲ್ಲಿದ್ದಾಗ ಒಡೆಯ ಆತನ ಭಾವಚಿತ್ರ ಬರೆದ. ಎದೆಗೆ ಅಡ್ಡಲಾಗಿ ಬಂದ ಕೈ, ಬಿಳಿ ಲೇಸಿನ ಕೊರಳಪಟ್ಟಿ, ನೇರ ನಮ್ಮನ್ನೇ ದಿಟ್ಟಿಸುವ ಕಣ್ಣು. ಮಾರ್ಚ್‌ನಲ್ಲಿ ಅದು ಪ್ಯಾಂಥಿಯನ್‌ನಲ್ಲಿ ಪ್ರದರ್ಶನಗೊಂಡಾಗ ಹೊಗಳಿಕೆಯೆಲ್ಲ ಒಡೆಯನಿಗೆ ಸಂದಿತು. ಪರೇಹಾ ಅಂದೂ ಗುಲಾಮನೇ. ವಿಮೋಚನಾ ಪತ್ರವಾದದ್ದು ನವೆಂಬರ್‌ನಲ್ಲಿ. ಅದರಲ್ಲೂ ಇನ್ನು ನಾಲ್ಕು ವರ್ಷ ಚಾಕರಿ ಮಾಡಬೇಕೆಂಬ ಷರತ್ತು!

1724ರಲ್ಲಿ ಪಾಲೊಮಿನೊ ಬರೆದ ಚಿತ್ರಕಾರರ ಚರಿತ್ರೆಯಲ್ಲಿ ಬೇರೆಯದೇ ಕತೆಯಿದೆ. ಪರೇಹಾ ಕದ್ದುಮುಚ್ಚಿ ಚಿತ್ರ ಬರೆಯುತ್ತಿದ್ದ, ಅದನ್ನು ಕಂಡ ದೊರೆ ಮೆಚ್ಚಿ ಬಿಡುಗಡೆ ಕೊಡಿಸಿದ ಎಂದು. ವಿಮೋಚನಾ ಪತ್ರ ಬೆಳಕಿಗೆ ಬಂದ ಮೇಲೆ ಆ ಕತೆ ಬಿದ್ದುಹೋಯಿತು. ಶ್ರೇಯಸ್ಸು ಮಾತ್ರ ದೊರೆಯ ಕೈಯಿಂದ ಚಿತ್ರಕಾರನ ಕೈಗೆ ದಾಟಿತು. ಪರೇಹಾ ಎರಡೂ ಕತೆಗಳಲ್ಲಿ ಕೈಯೊಡ್ಡಿ ನಿಂತವನಾಗಿಯೇ ಉಳಿದ.

ವೆಲಾಸ್ಕೆಸ್‌ನ ಪ್ರತಿಭೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಎದುರಿಗೆ ನಿಂತವನಲ್ಲಿ ಇದ್ದ ಘನತೆಯನ್ನು ಆತ ಕಂಡ, ಕಂಡಂತೆ ಬರೆದ. ಅದು ದೊಡ್ಡ ಕೆಲಸ. ಆದರೆ ಹಾಗೆ ಕಂಡ ಮೇಲೂ ಎಂಟು ತಿಂಗಳು ಆ ಮನುಷ್ಯನನ್ನು ತನ್ನ ಸೊತ್ತಾಗಿಯೇ ಇಟ್ಟುಕೊಂಡ. ಚೆನ್ನಾಗಿ ನೋಡುವುದು ಬೇರೆ, ನ್ಯಾಯವಾಗಿ ನಡೆದುಕೊಳ್ಳುವುದು ಬೇರೆ. ಇವೆರಡನ್ನೂ ಒಂದೇ ಎನ್ನುವ ವಿಮರ್ಶೆ, ಚಿತ್ರವನ್ನು ಹೊಗಳುವ ನೆಪದಲ್ಲಿ ಒಡೆತನದ ಲೆಕ್ಕವನ್ನು ಚುಕ್ತಾ ಮಾಡಿಬಿಡುತ್ತದೆ.

ಪರೇಹಾ ಮುಂದೆ ತಾನೇ ಚಿತ್ರಕಾರನಾದ. 1661ರಲ್ಲಿ ಆತ ಬರೆದ, ಸಂತ ಮ್ಯಾಥ್ಯೂಗೆ ಬಂದ ಕರೆಯ ದೊಡ್ಡ ಚಿತ್ರ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ. ಅದರ ಎಡ ಅಂಚಿನಲ್ಲಿ ಒಬ್ಬ ನಿಂತಿದ್ದಾನೆ. ಅದು ಪರೇಹಾ ಬರೆದುಕೊಂಡ ತನ್ನದೇ ರೂಪ. ಕೈಯಲ್ಲೊಂದು ಕಾಗದ, ಅದರ ಮೇಲೆ ಆತನ ಸಹಿ. ವೆಲಾಸ್ಕೆಸ್‌ನ ಚಿತ್ರವನ್ನು ನೋಡಿ ಮರುಳಾದವರು ಇದನ್ನೂ ಹುಡುಕಿ ನೋಡಬೇಕು. ಅದೇ ದಿಟ್ಟ ನೋಟ ಇಲ್ಲಿಯೂ ಇದೆ. ಇಲ್ಲಿ ಅದನ್ನು ಕೊಟ್ಟವರು ಯಾರು?