ನೀರಿನ ಲೆಕ್ಕಕ್ಕೆ ಲಿನಕ್ಸ್ ಬೋರ್ಡು: ಕೊಳ್ಳುವ ಮುನ್ನ ವಿಚಾರಿಸತಕ್ಕ ಸಂಗತಿಗಳು

ಕೃಷ್ಣೆಯ ಬಳಿಯ ಅಥಣಿ, ಕಾಗವಾಡ, ರಾಯಬಾಗ ಸೀಮೆಗಳಲ್ಲಿಯೂ, ದೂಧಗಂಗಾ ವೇದಗಂಗೆಯರ ನೀರುಂಬ ಚಿಕ್ಕೋಡಿ, ನಿಪ್ಪಾಣಿ ಸೀಮೆಗಳಲ್ಲಿಯೂ ಕಬ್ಬಿನ ಬೆಳೆಯು ಒಕ್ಕಲಿಗರಿಗೆ ಸಂಪತ್ತನ್ನು ತಂದಿರುವದು ಸರಿಯಷ್ಟೆ. ಆದರೆ ಅಳತೆಯಿಲ್ಲದೆ ಹಾಯಿಸಿದ ನೀರಿನಿಂದ ಉತ್ತಮವಾದ ಎರೆಭೂಮಿಯು ಸವಳು-ಜವಳಾಗಿ ಕೆಡುತ್ತಿರುವದೂ ಅಷ್ಟೇ ನಿಜ. ತಂದೆಯು ಕಬ್ಬು ಬೆಳೆದ ಹೊಲದಲ್ಲಿ ಮಗನು ಉಪ್ಪನ್ನು ಕಾಣಬಾರದೆಂದಿದ್ದರೆ ನೀರನ್ನು ಅಳೆದು ಬಿಡುವದನ್ನು ಕಲಿಯಲೇಬೇಕು.

ಈ ಕಾರ್ಯಕ್ಕೆ ಅಂಗೈಯಗಲದ ಗಣಕ ಬೋರ್ಡುಗಳು ಈಗ ದೊರೆಯುತ್ತವೆ. ೨೦೧೨ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಇವುಗಳಲ್ಲಿ ಪ್ರಸಿದ್ಧವಾದುದು. ಇವನ್ನು ನಡೆಯಿಸುವ ಲಿನಕ್ಸ್ ತಂತ್ರಾಂಶವನ್ನು ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸರು ಆರಂಭಿಸಿದರು. ಅದಕ್ಕೆ ಬೆಲೆಯಿಲ್ಲ, ಬಲ್ಲವರು ಅದನ್ನು ಓದಿ ತಿದ್ದಲೂಬಹುದು.

ಆದರೂ ಪಂಪಿಗೊಂದರಂತೆ ಇಂಥ ಬೋರ್ಡನ್ನು ಕೊಳ್ಳುವದು ದುಂದುಗಾರಿಕೆಯೇ ಸರಿ. ಪಂಪನ್ನು ನಡೆಯಿಸಿ ನಿಲ್ಲಿಸುವದಕ್ಕೆ ಅಲ್ಪಬೆಲೆಯ ಸಣ್ಣ ನಿಯಂತ್ರಕವೇ ಸಾಕು. ಹಿಂದೆ ವಾಲೀಕಾರನು ಹೊಲಗಳನ್ನು ಸುತ್ತಿ ಬಂದು ಸುದ್ದಿ ತಿಳಿಸಿದರೆ ಕುಲಕರ್ಣಿಯು ಚಾವಡಿಯಲ್ಲಿ ದಪ್ತರ ಬರೆಯುತ್ತಿದ್ದನು. ಅದರಂತೆಯೇ ಸಣ್ಣ ನಿಯಂತ್ರಕಗಳು ಹೊಲದಲ್ಲಿರಲಿ. ಊರಿಗೊಂದು ಲಿನಕ್ಸ್ ಬೋರ್ಡು ಎಲ್ಲರ ಲೆಕ್ಕವನ್ನಿಡಲಿ.

ಬೋರ್ಡಿನ ಬೆಲೆಯೊಂದನ್ನೇ ನೋಡಿ ಮರುಳಾಗಬಾರದು. ಪೈ ೪ಕ್ಕೆ ೫ ವೋಲ್ಟಿನಲ್ಲಿ ೩ ಆಂಪಿಯರ್ ಕೊಡುವ ಅಡಾಪ್ಟರು ಬೇಕು. ಸಿಕ್ಕ ಸಿಕ್ಕ ಮೊಬೈಲ್ ಚಾರ್ಜರಿನಿಂದ ಕೆಲಸವಾಗದು. ಬರೆಯುತ್ತಿರುವಾಗ ಕರೆಂಟು ಹೋದರೆ ಮೆಮೊರಿ ಕಾರ್ಡಿನಲ್ಲಿಯ ಲೆಕ್ಕವೆಲ್ಲ ಕೆಡಬಹುದಾದ್ದರಿಂದ ಬ್ಯಾಟರಿಯ ಆಸರೆಯು ಅವಶ್ಯ. ಪೈ ೪ರಲ್ಲಿ ಸ್ವಂತ ಗಡಿಯಾರವಿಲ್ಲ. ಅಂತರ್ಜಾಲವಿಲ್ಲದೆಡೆ ಗಡಿಯಾರದ ಬಿಡಿಭಾಗವನ್ನು ಸೇರಿಸದಿದ್ದರೆ ಲೆಕ್ಕದ ವೇಳೆಯೇ ತಪ್ಪುವದು. ಏರಿಳಿಯುವ ವೋಲ್ಟೇಜಿನಿಂದ ತೇವವನ್ನು ತಿಳಿಸುವ ಸಾಧನಗಳನ್ನು ಪೈ ನೇರವಾಗಿ ಓದಲಾರದು. ನಡುವೆ ಪರಿವರ್ತಕವೊಂದು ಬೇಕು. ಅದರ ಪಿನ್ನುಗಳು ತಾಳುವದು ೩.೩ ವೋಲ್ಟ್ ಮಾತ್ರ. ಪಂಪಿನ ತಂತಿಯನ್ನು ಅವಕ್ಕೆ ಮುಟ್ಟಿಸಿದರೆ ಬೋರ್ಡೂ ಸುಡುವದು, ಪ್ರಾಣಕ್ಕೂ ಅಪಾಯ. ರಿಲೇ, ಕಾಂಟ್ಯಾಕ್ಟರುಗಳನ್ನು ಬಲ್ಲ ಕೆಲಸಗಾರನಿಂದಲೇ ಜೋಡಿಸತಕ್ಕದ್ದು.

ಕೊಂಡ ಕೂಡಲೇ ಹೊಲಕ್ಕೊಯ್ಯದೆ ಮೊದಲು ಮನೆಯಲ್ಲಿಯೇ ಕೆಲವು ವಾರ ನಡೆಯಿಸಿ ನೋಡಬೇಕು. ಮೊದಲಿನ ಗುಪ್ತಪದವನ್ನು ಬದಲಿಸಬೇಕು. ಯಂತ್ರವು ಹೇಳುವ ತೇವವನ್ನು ಹಿಡಿಮಣ್ಣನ್ನು ಹಿಸುಕಿ ನೋಡುವ ಅನುಭವಿಕನ ಮಾತಿಗೆ ಹೋಲಿಸಬೇಕು. ಈಗಾಗಲೇ ಕೆಟ್ಟ ಹೊಲಕ್ಕೆ ಮಾತ್ರ ಬಸಿಗಾಲುವೆಯೇ ಮದ್ದು. ಬೋರ್ಡು ಉಪ್ಪನ್ನು ತೊಳೆಯಲಾರದು.

ಲಕ್ಷ್ಮಣರಾವ್ ಕಿರ್ಲೋಸ್ಕರರು ೧೯೦೩ರಲ್ಲಿ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದಾಗಲೂ ಒಕ್ಕಲಿಗರು ಅದನ್ನು ಸಂಶಯದಿಂದಲೇ ನೋಡಿದರು. ಹೊಸ ಸಾಧನವನ್ನು ಜನರು ನಂಬುವದು ಹೊಲದಲ್ಲಿ ಕಂಡ ಮೇಲೆಯೇ. ಆದುದರಿಂದ ಊರ ಪ್ರಮುಖರು ತಮ್ಮ ಒಂದೆಕರೆಯಲ್ಲಿ ಮೊದಲು ಮಾಡಿ ತೋರಿಸುವದು ಯೋಗ್ಯ. ಕಲಿತ ತರುಣನೊಬ್ಬನನ್ನು ದುರಸ್ತಿಯಲ್ಲಿ ಪಳಗಿಸಿದ ಬಳಿಕವೇ ಹಣ ಬಿಚ್ಚಬೇಕು. ಸರಿಪಡಿಸುವವನು ಊರಲ್ಲಿ ಇಲ್ಲದಿದ್ದರೆ, ಕೊಳ್ಳುವದನ್ನು ಒಂದು ವರ್ಷ ಮುಂದೂಡುವದೇ ಲೇಸು.