ಆದೇಶದ ಆಸರೆ, ಕಾಯ್ದೆಯ ಆಸರೆ



ನಿರಾಶ್ರಿತರ ವಿಷಯ ಬಂದಾಗಲೆಲ್ಲ ‘ಇರಲಿ’, ‘ಹೋಗಲಿ’ ಎಂಬ ಎರಡೇ ಮಾತು ಕೇಳಿಬರುತ್ತವೆ. ಯಾವ ಕಾನೂನಿನ ಪ್ರಕಾರ ಎಂದು ಕೇಳುವವರು ಕಡಿಮೆ. ನಿರಾಶ್ರಿತರಿಗೆಂದೇ ನಮ್ಮ ದೇಶದಲ್ಲಿ ಕಾಯ್ದೆ ಇಲ್ಲ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸೇರಿಲ್ಲ.

ಇದರ ಪರಿಣಾಮ ನೋಡಲು ನೀಲಗಿರಿಯ ಸದಸ್ಯರು ದೂರ ಹೋಗಬೇಕಿಲ್ಲ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಲೋನಿನ ತೋಟಗಳ 5,25,000 ತಮಿಳರಿಗೆ ಪೌರತ್ವ ಕೊಡಲು ಭಾರತ ಒಪ್ಪಿತು. ಹಾಗೆ ಬಂದವರಿಗೆ ಕೆಲಸ ಕೊಡಲೆಂದು ತಮಿಳುನಾಡು ಸರಕಾರ ಆರಂಭಿಸಿದ ಚಹಾ ತೋಟಗಳೇ ಇಂದಿನ ಟ್ಯಾನ್‌ಟೀ. ಅವರ ಮಕ್ಕಳು ಇಂದು ನಮ್ಮಂತೆಯೇ ಮತದಾರರು.

1983ರ ಗಲಭೆಯ ನಂತರ ದೋಣಿಯಲ್ಲಿ ಬಂದವರ ಕಥೆ ಬೇರೆ. ಅವರಲ್ಲೂ ತೋಟದ ಮೂಲದವರಿದ್ದಾರೆ. ಆದರೆ ಅವರಿಗೆ ಸಿಕ್ಕಿದ್ದು ಶಿಬಿರ, ಅಕ್ಕಿ, ಸಹಾಯಧನ. ತಮಿಳುನಾಡಿನಲ್ಲಿ ಇಂಥ ನೂರಕ್ಕೂ ಹೆಚ್ಚು ಶಿಬಿರಗಳಿವೆ. 2021ರಲ್ಲಿ ಅವುಗಳಿಗೆ ‘ಪುನರ್ವಸತಿ ಶಿಬಿರ’ ಎಂದು ಹೊಸ ಹೆಸರು ಬಂತು. ಒಳಗಿನವರ ಸ್ಥಾನಮಾನ ಬದಲಾಗಲಿಲ್ಲ.

ಇಲ್ಲಿ ಹುಟ್ಟಿದ ಮಕ್ಕಳ ಪಾಡೇನು? ಪೌರತ್ವ ಕಾಯ್ದೆಯಂತೆ 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಭಾರತೀಯರು. ಬೈಲುಕುಪ್ಪೆ, ಒಡೆಯರಪಾಳ್ಯದಂಥ ಕಡೆ ನೆಲೆಸಿರುವ ಟಿಬೆಟನ್ನರ ಮಕ್ಕಳಿಗೂ ಇದು ಅನ್ವಯಿಸುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆ ದಿನಾಂಕದ ನಂತರ ಹುಟ್ಟಿದ್ದರೆ ತಂದೆ–ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಹೀಗಾಗಿ ಒಂದೇ ಶಿಬಿರದಲ್ಲಿ, ಒಂದೇ ತಾಯಿಗೆ ಹುಟ್ಟಿದ ಅಣ್ಣ ಪ್ರಜೆ, ತಂಗಿ ವಿದೇಶಿ.

2019ರ ಪೌರತ್ವ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಗೆ ಸೀಮಿತ, ಶ್ರೀಲಂಕಾ ಅದರಲ್ಲಿಲ್ಲ. 2025ರಲ್ಲಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂತು. ನಿರಾಶ್ರಿತ ಎಂದರೆ ಯಾರು ಎಂದು ಅದೂ ಹೇಳುವುದಿಲ್ಲ. ಸೆಪ್ಟೆಂಬರಿನ ಆದೇಶವೊಂದು, 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ ಪಾಸ್‌ಪೋರ್ಟ್, ವೀಸಾ ಇಲ್ಲವೆಂದು ಶಿಕ್ಷೆಯಾಗದಂತೆ ವಿನಾಯಿತಿ ಕೊಟ್ಟಿತು. ಒಳ್ಳೆಯದೇ. ಆದರೆ ಕಚೇರಿಯಲ್ಲಿ ಕಡತ ಹೊತ್ತವರಿಗೆಲ್ಲ ಗೊತ್ತು, ಒಂದು ಆದೇಶ ಕೊಟ್ಟಿದ್ದನ್ನು ಇನ್ನೊಂದು ಆದೇಶ ಕಿತ್ತುಕೊಳ್ಳಬಹುದು.

ಭಾರತ ಧರ್ಮಛತ್ರವಲ್ಲ ಎಂಬ ಮಾತು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲೇ ಕೇಳಿಬಂತು. ದೇಶದ ಭದ್ರತೆ, ಜನಸಂಖ್ಯೆಯ ಚಿಂತೆ ಸುಳ್ಳಲ್ಲ. ಆದರೆ ಕಾಯ್ದೆ ಬೇಕು ಎಂದರೆ ಎಲ್ಲರನ್ನೂ ಒಳಗೆ ಬಿಡಿ ಎಂದಲ್ಲ. ಅರ್ಜಿಗೊಂದು ನಮೂನೆ, ತೀರ್ಮಾನಕ್ಕೆ ಗಡುವು, ತಿರಸ್ಕರಿಸಿದರೆ ಲಿಖಿತ ಕಾರಣ, ಮೇಲ್ಮನವಿಗೆ ಅವಕಾಶ: ಇಷ್ಟಿದ್ದರೆ ‘ಇಲ್ಲ’ ಎನ್ನುವುದೂ ನ್ಯಾಯವಾಗಿರುತ್ತದೆ. ಸಂವಿಧಾನದ 21ನೇ ವಿಧಿ ಪ್ರಜೆಗಳಿಗಷ್ಟೇ ಅಲ್ಲ, ಇಲ್ಲಿರುವ ಪ್ರತಿ ವ್ಯಕ್ತಿಗೂ ಅನ್ವಯಿಸುತ್ತದೆ ಎಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿದಿದೆ. ಶಶಿ ತರೂರ್ 2015ರಲ್ಲಿ ಮಂಡಿಸಿದ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ಸರಕಾರವೇ ಒಂದನ್ನು ತರಲಿ.

ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯ ಚರ್ಚೆಗಿದೆ. ಒಪ್ಪದವರೂ ದಯವಿಟ್ಟು ಬನ್ನಿ.

— ಕಾರ್ಯದರ್ಶಿ